ಥರ್ಬರ್: ಕಂಪನಿ ಕಟ್ಟಿ, ಕಂಪನಿಯೇ ಕಳಚಿದ ಊರು

ಟೆಕ್ಸಸ್‌ನ ಫೋರ್ಟ್ ವರ್ತ್‌ನಿಂದ ಅಬಿಲೀನ್ ಕಡೆಗೆ ಐ-20 ಹೆದ್ದಾರಿಯಲ್ಲಿ ಸುಮಾರು 75 ಮೈಲಿ ಹೋದರೆ 128 ಅಡಿ ಎತ್ತರದ ಇಟ್ಟಿಗೆ ಚಿಮಣಿಯೊಂದು ಕಾಣುತ್ತದೆ. ಡಾಲಸ್ ಸುತ್ತಮುತ್ತಲಿನ ನಮ್ಮವರು ಆ ದಾರಿಯಲ್ಲಿ ಹೋಗುವಾಗ ಅಲ್ಲೊಮ್ಮೆ ಇಳಿಯಬೇಕು. ಈಗ ಬೆರಳೆಣಿಕೆಯಷ್ಟು ಜನರಿರುವ ಈ ಥರ್ಬರ್‌ನಲ್ಲಿ ನೂರು ವರ್ಷಗಳ ಹಿಂದೆ ಎಂಟು-ಹತ್ತು ಸಾವಿರ ಜನ ಬಾಳಿ ಬದುಕಿದ್ದರು.

1888ರಲ್ಲಿ ಟೆಕ್ಸಸ್ ಅಂಡ್ ಪೆಸಿಫಿಕ್ ಕೋಲ್ ಕಂಪನಿ ಇಲ್ಲಿನ ಗಣಿಗಳನ್ನು ಕೊಂಡಿತು. ರೈಲಿಗೆ ಕಲ್ಲಿದ್ದಲು ಬೇಕಿತ್ತು. ಇಟಲಿ, ಪೋಲೆಂಡ್, ಮೆಕ್ಸಿಕೊಗಳಿಂದ ಜನ ಬಂದರು. ಕಲ್ಲಿದ್ದಲಿನ ಪದರ ಎಷ್ಟು ತೆಳುವೆಂದರೆ ಮಗ್ಗುಲಾಗಿ ಮಲಗಿಯೇ ಅಗೆಯಬೇಕಿತ್ತು. ಮನೆ, ಅಂಗಡಿ, ಶಾಲೆ, ಒಪೆರಾ ಹೌಸ್, ಹೆಂಡದಂಗಡಿ ಎಲ್ಲವೂ ಕಂಪನಿಯವೇ. ಕಾರ್ಮಿಕ ಸಂಘದವರು ಒಳಗೆ ಕಾಲಿಡಬಾರದೆಂದು ಊರಿನ ಸುತ್ತ ಮುಳ್ಳುತಂತಿ ಬೇಲಿ, ಕಾವಲು.

1903ರಲ್ಲಿ ಗಣಿಯವರು ಕೆಲಸ ಬಿಟ್ಟರು; ಎಷ್ಟೋ ಜನ ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ಕಂಪನಿ ಮಣಿಯಿತು. ಎಂಟು ಗಂಟೆಯ ದುಡಿಮೆ ಬಂತು, ಕೂಲಿ ಏರಿತು, ಬೇಲಿ ಹೋಯಿತು. ಗಣಿಗಳ ಜೊತೆಗೆ ಊರಿನಲ್ಲಿ ಇಟ್ಟಿಗೆ ಭಟ್ಟಿಗಳೂ ಇದ್ದವು; ಇಲ್ಲಿನ ಇಟ್ಟಿಗೆಗಳ ಮೇಲೆ ಊರಿನ ಹೆಸರಿನ ಜೊತೆ ಸಂಘದ ಪುಟ್ಟ ತ್ರಿಕೋನ ಮುದ್ರೆಯೂ ಇರುತ್ತಿತ್ತು. ಆ ಇಟ್ಟಿಗೆ ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂಗೆ ಹೋಯಿತು. ಫೋರ್ಟ್ ವರ್ತ್‌ನ ಕ್ಯಾಂಪ್ ಬೋವಿ ಬುಲೆವಾರ್ಡ್‌ನಲ್ಲಿ ಇಂದಿಗೂ ಕಾರುಗಳು ಅದರ ಮೇಲೆಯೇ ಓಡುತ್ತಿವೆ. ಒಬ್ಬ ಕೂಲಿಕಾರನಿಗೆ ಇದಕ್ಕಿಂತ ದೊಡ್ಡ ಸ್ಮಾರಕವನ್ನು ನಾನು ಕಂಡಿಲ್ಲ.

1917ರಲ್ಲಿ ಈ ಕಂಪನಿಯ ಇಂಜಿನಿಯರ್ ಡಬ್ಲ್ಯು. ಕೆ. ಗಾರ್ಡನ್ ಹತ್ತಿರದ ರೇಂಜರ್‌ನಲ್ಲಿ ತೈಲ ಹುಡುಕಿ ತೆಗೆದ. ರೈಲು ಎಂಜಿನ್‌ಗಳು ತೈಲಕ್ಕೆ ತಿರುಗಿದವು. 1921ರಲ್ಲಿ, ಕೂಲಿ ಕಡಿತದ ಜಗಳದ ನಡುವೆ, ಗಣಿಗಳ ಕೆಲಸ ನಿಂತಿತು. ರಸ್ತೆಗಳಿಗೆ ಡಾಂಬರು ಬಂದ ಮೇಲೆ ಇಟ್ಟಿಗೆ ಕೇಳುವವರು ಕಡಿಮೆಯಾಗಿ 1930ರ ಹೊತ್ತಿಗೆ ಭಟ್ಟಿಗಳೂ ಆರಿದವು. 1933ರಲ್ಲಿ ಕಚೇರಿ ಫೋರ್ಟ್ ವರ್ತ್‌ಗೆ ಹೋಯಿತು. ಕಂಪನಿ ಮನೆಗಳನ್ನು ಮಾರಿತು. ಕೊಂಡವರು ಅವನ್ನು ಬೇರೆಡೆಗೆ ಸಾಗಿಸಿದರು.

ತೈಲ ಈ ಊರನ್ನು ಕೊಂದಿತೆಂದು ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ರೇಂಜರ್‌ನ ತೈಲದ ಭರಾಟೆಯೂ ಕೆಲವೇ ವರ್ಷಗಳಲ್ಲಿ ಇಳಿಯಿತು. ಆ ಊರು ಕುಗ್ಗಿತು, ಆದರೆ ಅಳಿಯಲಿಲ್ಲ. ಅಲ್ಲಿನ ಜನರಿಗೆ ಸ್ವಂತದ ಮನೆ ಇತ್ತು, ಅಂಗಡಿ ಇತ್ತು, ಹಿಡಿದು ನಿಲ್ಲಲು ಅಂಗೈಯಗಲ ನೆಲವಿತ್ತು. ಥರ್ಬರ್‌ನವನಿಗೆ ಕೆಲಸ ಹೋದ ದಿನವೇ ಮನೆಯೂ ಹೋಯಿತು. ಕಂಪನಿ ಮಾತ್ರ ತೈಲದಲ್ಲಿ ಬೆಳೆದು, 1963ರಲ್ಲಿ ಮದ್ಯದ ಕಂಪನಿ ಸೀಗ್ರಾಮ್‌ಗೆ 27.7 ಕೋಟಿ ಡಾಲರಿಗೆ ಮಾರಾಟವಾಯಿತು.