ಕೇಳಿಸಿಕೊಂಡವರ ಹೊಣೆ

ಇಂದಿನ ಧಮ್ಮ ಚಿಂತನೆ


ಬೇತಮಂಗಲದ ಒಬ್ಬ ಹುಡುಗ ಕೆ.ಜಿ.ಎಫ್.ಗೆ ಹೋಗಿ ಆಪ್ತಸಮಾಲೋಚಕರ ಮುಂದೆ ಕೂತು ಅತ್ತ ಎಂದುಕೊಳ್ಳಿ. ಅವನು ವಾಪಸ್ ಬಂದು ಬಸ್ ಇಳಿಯುವಷ್ಟರಲ್ಲಿ ಸುದ್ದಿ ಊರು ಸೇರಿದ್ದರೆ? ನಮ್ಮಂಥ ಸಣ್ಣ ಊರಲ್ಲಿ ಹೆಸರು ಹೇಳಬೇಕಾಗಿಲ್ಲ, ಬೀದಿ ಹೇಳಿದರೆ ಸಾಕು. ಇನ್ನು ಅವನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗುಟ್ಟು ಕಾಯುವುದು ಉಪಕಾರವಲ್ಲ, ರೋಗಿಯ ಹಕ್ಕು. ಜಾತಿ ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎಂದು 18ನೇ ಸೆಕ್ಷನ್ ಹೇಳುತ್ತದೆ. ಘನತೆ ಭಿಕ್ಷೆಯಲ್ಲ, ಹಕ್ಕು ಎಂಬುದಕ್ಕೇ ಅಲ್ಲವೇ ಬಾಬಾಸಾಹೇಬರು ಹೋರಾಡಿದ್ದು?

ಹಾಗಾದರೆ ಎಂದೂ ಹೇಳಲೇಬಾರದೇ? ಜೀವಕ್ಕೆ ಅಪಾಯವಿದ್ದರೆ ಹೇಳಲು ಕಾಯ್ದೆಯೇ ಅವಕಾಶ ಕೊಡುತ್ತದೆ. ಆಗಲೂ ಅಪಾಯ ತಪ್ಪಿಸಲು ಬೇಕಾದಷ್ಟು ಮಾತ್ರ ಹೇಳಬೇಕು.

ಸಮ್ಮಾ ವಾಚಾ ಎಂದರೆ ಸುಳ್ಳು ಬಿಡುವುದಷ್ಟೇ ಅಲ್ಲ. ಚಾಡಿ, ಕಟು ಮಾತು, ಹರಟೆಯನ್ನೂ ಬಿಡುವುದು. "ನಾನು ಹೇಳಿದ್ದು ನಿಜ ತಾನೇ?" ಎಂದರೆ ಸಾಲದು. ಹಿತವೇ, ಈಗ ಹೇಳುವ ಮಾತೇ ಎಂದು ನೋಡಬೇಕು.

ಇದು ಡಾಕ್ಟರಿಗೆ ಮಾತ್ರವಲ್ಲ. ನಮ್ಮ ಕೂಟದಲ್ಲಿ ಒಬ್ಬ ತಾಯಿ ಮಗನ ಕುಡಿತ ಹೇಳಿಕೊಂಡು ಅತ್ತರೆ, "ಪಾಪ" ಎನ್ನುತ್ತಲೇ ನಾಲ್ಕು ಜನಕ್ಕೆ ಹೇಳುತ್ತೇವೆ. ಅದು ಕರುಣೆಯೋ, ಚಾಡಿಯೋ? ನಮ್ಮನ್ನೇ ಕೇಳಿಕೊಳ್ಳೋಣ.

ಈ ಸಂದೇಶವನ್ನು ಎಷ್ಟು ಜನಕ್ಕಾದರೂ ಕಳಿಸಿ. ಆ ತಾಯಿಯ ಮಾತು ನಿಮ್ಮಲ್ಲೇ ಇರಲಿ.

ಮನಸ್ಸು ಭಾರವಾದವರು ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಭವತು ಸಬ್ಬ ಮಂಗಲಂ.