ಹೊಂಚಿನ ದಂಡವೂ ಪರಸ್ಥಳದವನ ನ್ಯಾಯವೂ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿಯೂ ಮೂಡಬಿದ್ರೆಯ ಹಾದಿಯಲ್ಲಿಯೂ ಕೇರಳ, ತಮಿಳುನಾಡು ಮೊದಲಾದ ರಾಜ್ಯಗಳ ವಾಹನಗಳು ದಿನಾಲೂ ಸಂಚರಿಸುತ್ತವೆ. ಇಂಥ ವಾಹನವೊಂದು ತಿರುವಿನ ಆಚೆ ಮರೆಯಲ್ಲಿ ನಿಂತು ವೇಗವನ್ನು ಅಳೆಯುವ ಪೊಲೀಸರ ಕೈಗೆ ಸಿಕ್ಕಿದರೆ, ಇದು ಹೊಂಚುಹಾಕುವದೆಂದು ಕೆಲವರೂ, ತಪ್ಪಿದವನಿಗೆ ದಂಡವೇ ತಕ್ಕದ್ದೆಂದು ಕೆಲವರೂ ಹೇಳುವದುಂಟು. ಕ್ರೈಸ್ತನು ಇದರಲ್ಲಿ ಹೇಗೆ ತೀರ್ಪು ಮಾಡಬೇಕು?

ಮೊದಲು, ವೇಗಕ್ಕೆ ಮಿತಿಯನ್ನಿಡುವ ಕಾನೂನು ಒಳ್ಳೆಯದೇ. ಶಾಲೆಗೆ ಹೋಗುವ ಮಗುವಿನ ಜೀವವೂ ಹುಲ್ಲಿನ ಹೊರೆ ಹೊತ್ತ ಮುದುಕಿಯ ಜೀವವೂ ಅದರಿಂದ ಕಾಯಲ್ಪಡುತ್ತವೆ. 2019ರಲ್ಲಿ ತಿದ್ದಲ್ಪಟ್ಟ ಮೋಟಾರು ವಾಹನ ಕಾಯಿದೆಯು ಅತಿವೇಗದ ಸಣ್ಣ ವಾಹನಕ್ಕೆ 1000ದಿಂದ 2000 ರೂಪಾಯಿಯ ವರೆಗೆ ದಂಡವನ್ನು ನೇಮಿಸಿತು. ಒಂದು ಜೀವದ ಬೆಲೆಯ ಮುಂದೆ ಇದು ಹೆಚ್ಚಲ್ಲ.

ಆದರೆ ದಂಡವು ನ್ಯಾಯವಾಗಬೇಕಾದರೆ ಎಚ್ಚರಿಕೆಯು ಅದಕ್ಕೆ ಮುಂಚೆ ಬರಬೇಕು. ಕುರುಡನ ಮುಂದೆ ಎಡವುಗಲ್ಲನ್ನು ಇಡಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಊರಿನವನು ತಿರುವನ್ನೂ ಪೊಲೀಸರು ನಿಲ್ಲುವ ಸ್ಥಳವನ್ನೂ ಬಲ್ಲನು; ಪರಸ್ಥಳದವನಾದರೋ ಈ ವಿಷಯದಲ್ಲಿ ಕುರುಡನಂತೆ ಇದ್ದಾನೆ. ಫಲಕವಿಲ್ಲದ ಸ್ಥಳದಲ್ಲಿ ಹಿಡಿದರೆ, ಕಾನೂನು ಒಂದೇ ಆಗಿದ್ದರೂ ಅದರ ಭಾರವು ಪರದೇಶಿಯ ಮೇಲೆಯೇ ಬೀಳುವದು. ಸ್ವದೇಶದವನಿಗೂ ಪರದೇಶಿಗೂ ಒಂದೇ ನ್ಯಾಯವಿರಬೇಕೆಂಬುವದು ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ಆಜ್ಞೆಯಲ್ಲವೇ? 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮವೂ, ವೇಗವನ್ನು ಹಿಡಿಯುವ ಯಂತ್ರಗಳಿರುವ ದಾರಿಯ ಮುಂದೆ ಎಚ್ಚರಿಕೆಯ ಫಲಕಗಳನ್ನು ಎದ್ದುಕಾಣುವಂತೆ ಇಡಬೇಕೆಂದು ಹೇಳಿತು.

ಇನ್ನೊಂದು ಮಾತು. ದಂಡವನ್ನು ಒಪ್ಪದವನಿಗೆ ನ್ಯಾಯಸ್ಥಾನದ ಬಾಗಿಲು ತೆರೆದಿದೆ. ಆದರೆ ತಿರುಚ್ಚಿಯ ಚಾಲಕನು ಒಂದು ವಾಯಿದೆಗೋಸ್ಕರ ಕೆಲಸವನ್ನು ಬಿಟ್ಟು ಬಂಟ್ವಾಳಕ್ಕೆ ತಿರಿಗಿ ಬರುವದು ಸುಲಭವೋ? ನಿರಪರಾಧಿಯಾದರೂ ಹಣವನ್ನು ಕೊಟ್ಟು ಹೋದಾನು. ಆದ ಕಾರಣ ಅಧಿಕಾರದಲ್ಲಿರುವವನು ಅವನ ವಿಷಯದಲ್ಲಿ ಇಮ್ಮಡಿ ಎಚ್ಚರವಾಗಿರಬೇಕು. ರಶೀದಿಯಿಲ್ಲದೆ ಒಂದು ಕಾಸನ್ನೂ ಮುಟ್ಟಬಾರದು. ನೇಮಕವಾದದ್ದಕ್ಕಿಂತ ಹೆಚ್ಚೇನೂ ವಸೂಲಿ ಮಾಡಬೇಡಿರೆಂದು ಸ್ನಾನಿಕನಾದ ಯೋಹಾನನು ಸುಂಕದವರಿಗೆ ಬುದ್ಧಿ ಹೇಳಿದನಷ್ಟೆ.

ನಮ್ಮ ಪಾಲಿನ ಕರ್ತವ್ಯವೇನು? ಮುಂದೆ ಪೊಲೀಸರಿದ್ದಾರೆಂದು ಎದುರಿನವನಿಗೆ ದೀಪವನ್ನು ಮಿನುಗಿಸಿ ತಿಳಿಸುವ ಪದ್ಧತಿಯುಂಟು. ಇದು ನೆರೆಯವನ ಪ್ರೀತಿಯಂತೆ ತೋರುತ್ತದೆ. ಆದರೆ ಅವನು ಇನ್ನೂರು ಹೆಜ್ಜೆ ಮೆಲ್ಲಗೆ ಹೋಗಿ ಆಮೇಲೆ ಮುಂಚಿನಂತೆಯೇ ಓಡಿಸಿದರೆ, ದಾರಿ ದಾಟುವ ಮಗುವೂ ನಮ್ಮ ನೆರೆಯವನಲ್ಲವೇ? ದಂಡದಿಂದ ತಪ್ಪಿಸುವದು ಅರ್ಧಪ್ರೀತಿ. ಅಪಾಯದಿಂದ ತಪ್ಪಿಸುವದೇ ಪೂರ್ಣಪ್ರೀತಿ. ಚಹದಂಗಡಿಯಲ್ಲಿ ಇಳಿದ ಪರಸ್ಥಳದವನಿಗೆ ಮುಂದಿನ ತಿರುವನ್ನೂ ಶಾಲೆಯನ್ನೂ ತಿಳಿಸೋಣ. ಫಲಕವು ಬಿದ್ದಿದ್ದರೆ, ಬಳ್ಳಿ ಮುಚ್ಚಿದ್ದರೆ, ಪಂಚಾಯತಿಗೂ ಠಾಣೆಗೂ ಅರ್ಜಿ ಬರೆಯೋಣ.

ನಾವು ವಾಹನ ನಡಿಸುವಾಗಲಾದರೋ ದಂಡದ ಭಯದಿಂದ ಮಾತ್ರವಲ್ಲ, ಮನಸ್ಸಾಕ್ಷಿಯ ನಿಮಿತ್ತವೂ ಅಧೀನರಾಗಿರಬೇಕೆಂದು ಪೌಲನು ರೋಮಾಪುರದವರಿಗೆ ಕಲಿಸಿದನು. ದೇವರು ಹೊಂಚುಹಾಕುವಾತನಲ್ಲ; ಆತನು ಸೀನಾಯಿ ಬೆಟ್ಟದ ಮೇಲಿನಿಂದ ಎಲ್ಲರಿಗೂ ಕೇಳಿಸುವಂತೆ ತನ್ನ ಆಜ್ಞೆಗಳನ್ನು ಸಾರಿದನು. ಎಚ್ಚರಿಸಿ ನ್ಯಾಯತೀರಿಸುವ ದೇವರ ಮಕ್ಕಳಾದ ನಾವು, ಯಾರೂ ನೋಡದ ದಾರಿಯಲ್ಲಿಯೂ ಮೆಲ್ಲಗೆ ನಡಿಸುವವರಾಗೋಣ.