ಸ್ವಯಂಚಾಲಿತ ಯಂತ್ರವೂ ಮನುಷ್ಯನ ಹೊಣೆಯೂ

ಸುದ್ದಗುಂಟೆಪಾಳ್ಯದ ಗೃಹಿಣಿಯು ಬೆಳಗಿನ ಜಾವದಲ್ಲಿ ಹಾಲಿನ ಪೊಟ್ಟಣವನ್ನು ಕತ್ತರಿಸಿ ಪಾತ್ರೆಗೆ ಸುರಿಯುವಾಗ, ಅದನ್ನು ಶುದ್ಧಿಗೊಳಿಸಿದವರಾರೆಂದು ವಿಚಾರಿಸುವುದಿಲ್ಲ. ಮನೆಬಾಗಿಲಿಗೆ ಬಂದು ಹಾಲು ಅಳೆಯುತ್ತಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಒಂದು ಮುಖವಿದ್ದಿತು. ಹಾಲು ಕೆಟ್ಟರೆ ಮರುದಿನ ಆ ಮುಖವನ್ನೇ ತಡೆದು ನಿಲ್ಲಿಸಬಹುದಾಗಿದ್ದಿತು. ಈಗ ಆ ಪಾಳ್ಯಕ್ಕೆ ಸಮೀಪದಲ್ಲಿ, ವೃತ್ತವೊಂದಕ್ಕೆ ತನ್ನ ಹೆಸರನ್ನೇ ಕೊಟ್ಟು ಬೆಂಗಳೂರು ಡೇರಿಯು ನಿಂತಿದೆ. ದೊಡ್ಡ ಡೇರಿಗಳಲ್ಲಿ ಹಾಲನ್ನು ಕಾಯಿಸುವ, ತಣಿಸುವ ಕೆಲಸವೆಲ್ಲ ಬಹುಮಟ್ಟಿಗೆ ಯಂತ್ರಗಳಿಗೇ ಸೇರಿದುದು. ಮನುಷ್ಯನ ಕೈ ಸೋಕದೆ ನಡೆದ ಕಾರ್ಯದಲ್ಲಿ ತಪ್ಪು ಸಂಭವಿಸಿದರೆ ಅದಕ್ಕೆ ಉತ್ತರ ಹೇಳತಕ್ಕವರು ಯಾರು?

ಈ ಯಂತ್ರಗಳ ರೀತಿಯನ್ನು ಮೊದಲು ತಿಳಿಯಬೇಕು. ಪಾಶ್ಚರೀಕರಣದ ಒಂದು ಪ್ರಸಿದ್ಧ ಕ್ರಮದಲ್ಲಿ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಿ, 15 ಸೆಕೆಂಡುಗಳ ಕಾಲ ಆ ಕಾವಿನಲ್ಲೇ ಕೊಳವೆಯೊಂದರಲ್ಲಿ ಹರಿಸುವರು. ಕೊಳವೆಯ ತುದಿಯಲ್ಲಿ ಉಷ್ಣಮಾಪಕವಿರುವುದು. ಅದು ಕಂಡ ಅಂಕಿಯನ್ನು ನಿಯಂತ್ರಕವು ನಿಶ್ಚಿತವಾದ ಅಂಕಿಯೊಡನೆ ಹೋಲಿಸುವುದು. ಕಾವು ಕಡಿಮೆಯಾದರೆ ಉಗಿಯನ್ನು ಹೆಚ್ಚಿಸುವುದು, ಹೆಚ್ಚಾದರೆ ತಗ್ಗಿಸುವುದು. ಮಿತಿಗಿಂತ ಕೆಳಗಿಳಿಯಿತೋ, ಕವಾಟವೊಂದು ಹೊರಳಿ, ಅರೆಗಾವಿನ ಹಾಲನ್ನು ಮುಂದೆ ಬಿಡದೆ ಮೊದಲಿನ ತೊಟ್ಟಿಗೆ ಹಿಂದಿರುಗಿಸುವುದು. ಕಾಣುವುದು, ಹೋಲಿಸುವುದು, ತಿದ್ದುವುದು, ತಿದ್ದಿದ ಫಲವನ್ನು ಮರಳಿ ಕಾಣುವುದು: ಸ್ವಯಂನಿಯಂತ್ರಣವೆಂಬ ವಿದ್ಯೆಯ ಮೂಲವು ಇಷ್ಟೇ. ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಕಾಯುವ ಅಜ್ಜಿಯೂ ಇದನ್ನೇ ಮಾಡುವಳು. ಆದರೆ ಅವಳಿಗೆ ಆಯಾಸವುಂಟು, ಕವಾಟಕ್ಕಿಲ್ಲ.

ಹಾಗಾದರೆ 72 ಎಂಬ ಅಂಕಿಯನ್ನು ಇಟ್ಟವರಾರು? ಯಂತ್ರವಂತೂ ಅಲ್ಲ. ಪುಣೆಯ ಬಳಿಯ ಖಡಕವಾಸ್ಲದಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಅದೇ ಕಲ್ಪನೆಯು ಮುಂದೆ ಕೃಷ್ಣರಾಜಸಾಗರಕ್ಕೂ ಬಂದಿತು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ನೀರಿನ ಬಲದಿಂದಲೇ ಬಾಗಿಲು ತೆರೆಯುವುದು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ಹಿಡಿದಿಡುವುದು ಅವರ ಉದ್ದೇಶ. ಆದರೆ ಎಲ್ಲಿಯವರೆಗೆ ಹಿಡಿಯಬಹುದು, ಎಲ್ಲಿ ಬಿಟ್ಟುಬಿಡಬೇಕು ಎಂಬುದರಲ್ಲಿ ಬಾಯಾರಿದವರ ಹಿತವೂ ಕಟ್ಟೆಯ ಕೆಳಗೆ ವಾಸಿಸುವವರ ಪ್ರಾಣವೂ ತೂಗಿ ನೋಡಲ್ಪಟ್ಟಿರುವುವು. ಆ ತೂಕವನ್ನು ಬಾಗಿಲು ಮಾಡಲಿಲ್ಲ, ಮನುಷ್ಯನು ಮಾಡಿದನು. ಅಂಕಿಯು ಒಂದು ತೀರ್ಮಾನವೆಂಬುದನ್ನು ಮರೆತು, ಅದನ್ನು ನಿಸರ್ಗನಿಯಮವೆಂಬಂತೆ ಕಾಣುವುದು ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಮಿತಿಯನ್ನಿಡುವವನ ಹೊಣೆಗಿಂತ ಸೂಕ್ಷ್ಮವಾದುದು ಸಾಕ್ಷ್ಯದ ಪ್ರಶ್ನೆ. ಉಷ್ಣಮಾಪಕವು ಎರಡು ಡಿಗ್ರಿ ಹೆಚ್ಚಾಗಿ ಹೇಳತೊಡಗಿದರೆ, ಕವಾಟವು ಅತ್ಯಂತ ವಿಧೇಯತೆಯಿಂದ ಅರೆಗಾವಿನ ಹಾಲನ್ನು ಊರಿಗೆ ಕಳುಹಿಸುವುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ, ತ್ರೀ ಮೈಲ್ ಐಲೆಂಡ್ ಎಂಬ ಪರಮಾಣು ವಿದ್ಯುದಾಗಾರದಲ್ಲಿ, 1979ನೆಯ ಮಾರ್ಚ್ 28ರಂದು ನಡೆದುದು ಇದೇ ಜಾತಿಯ ಅನರ್ಥ. ಒತ್ತಡವನ್ನು ಬಿಡುವ ಕವಾಟವೊಂದು ತೆರೆದಂತೆಯೇ ಸಿಕ್ಕಿಕೊಂಡಿತು; ಫಲಕದ ಮೇಲಿನ ದೀಪವಾದರೋ ಆರಿ, ಮುಚ್ಚಿದೆಯೆಂಬ ಭಾವನೆಯನ್ನು ಹುಟ್ಟಿಸಿತು. ಮುಚ್ಚಬೇಕೆಂಬ ಆಜ್ಞೆ ಹೊರಟಿತೆಂಬುದನ್ನು ಮಾತ್ರವೇ ಆ ದೀಪವು ಬಲ್ಲುದಾಗಿದ್ದಿತು. ಮುಚ್ಚಿತೋ ಇಲ್ಲವೋ ಅದಕ್ಕೆ ತಿಳಿಯದು. ಎರಡು ಗಂಟೆಗೂ ಹೆಚ್ಚು ಕಾಲ ತಂಪಿನ ನೀರು ಸೋರಿಹೋಗಿ, ಸ್ಥಾವರದ ಗರ್ಭವು ಭಾಗಶಃ ಕರಗಿತು. ನಮ್ಮ ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ, ಶಬ್ದವನ್ನು ಪ್ರತ್ಯಕ್ಷವೆಂದು ಭ್ರಮಿಸಿದಂತಾಯಿತು. ಆ ಶಬ್ದವೂ ಆಪ್ತವಾಕ್ಯವಾಗಿರಲಿಲ್ಲ.

ಹಾಲಿನ ಉದ್ಯಮವು ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿಸಿದೆ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಎಂಬ ದ್ರವ್ಯವುಂಟು; ತಕ್ಕಷ್ಟು ಕಾವು ತಗುಲಿದರೆ ಅದು ನಿಷ್ಕ್ರಿಯವಾಗುವುದು. ಕಾದ ಹಾಲನ್ನು ಪರೀಕ್ಷಿಸಿ, ಅದು ಉಳಿದಿದೆಯೇ ಎಂದು ನೋಡುವರು. ಇಲ್ಲಿ ಯಂತ್ರವನ್ನು ಕೇಳುವುದಿಲ್ಲ, ಹಾಲನ್ನೇ ಕೇಳುವುದು.

ಇನ್ನು ಫಲಕದ ಮುಂದೆ ರಾತ್ರಿಯಿಡೀ ಕುಳಿತಿರುವ ನೌಕರನ ಸ್ಥಿತಿ. ಸುಗಮವಾಗಿ ನಡೆಯುವಷ್ಟು ದಿನವೂ ಅವನಿಗೆ ಮಾಡುವ ಕೆಲಸವಿಲ್ಲ. ಎಲ್ಲವೂ ಕೆಟ್ಟ ಕ್ಷಣದಲ್ಲಿ ಅತ್ಯಂತ ಕಠಿನವಾದ ಕೆಲಸವು ಅವನದೇ. ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿಯು 1983ರ ಲೇಖನವೊಂದರಲ್ಲಿ ಈ ವೈಪರೀತ್ಯವನ್ನು ಎತ್ತಿ ತೋರಿಸಿದಳು: ಅಭ್ಯಾಸವನ್ನು ಕಳೆದುಕೊಂಡವನಿಂದಲೇ ಅಭ್ಯಾಸವಿದ್ದವನ ಕೌಶಲವನ್ನು ನಿರೀಕ್ಷಿಸಲಾಗುತ್ತದೆ. ಅವನ ಕೈಯಿಂದ ವಿದ್ಯೆಯನ್ನು ಕಿತ್ತುಕೊಂಡು ತಪ್ಪನ್ನು ಮಾತ್ರ ಅವನ ತಲೆಗೆ ಕಟ್ಟುವುದು ಅನ್ಯಾಯವಲ್ಲದೆ ಮತ್ತೇನು? ಯಂತ್ರವನ್ನು ಕೊಂಡ ಆಡಳಿತವು ಆ ಅಭ್ಯಾಸವನ್ನು ಕಾಪಾಡುವ ವೆಚ್ಚವನ್ನೂ ಯಂತ್ರದ ಬೆಲೆಯೊಳಗೇ ಎಣಿಸತಕ್ಕದ್ದು. ತ್ರೀ ಮೈಲ್ ಐಲೆಂಡಿನ ತರುವಾಯ ಅಮೆರಿಕದ ಪರಮಾಣು ವಿದ್ಯುದಾಗಾರಗಳಲ್ಲಿ ನಿಯಂತ್ರಣ ಕೊಠಡಿಯ ಪ್ರತಿಕೃತಿಗಳನ್ನು ಕಟ್ಟಿ ನೌಕರರಿಗೆ ಅಭ್ಯಾಸ ಮಾಡಿಸತೊಡಗಿದರು. ಡೇರಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಾಗಿಲ್ಲ. ಆಗಾಗ ಹಾಲಿಗೆ ಬದಲಾಗಿ ನೀರನ್ನು ಹರಿಸಿ, ಕಾವನ್ನು ಬೇಕೆಂದೇ ಇಳಿಸಿ, ಕವಾಟವು ಯಾವ ಡಿಗ್ರಿಯಲ್ಲಿ ಹೊರಳುವುದೆಂಬುದನ್ನು ಆ ನೌಕರನೇ ನಿಂತು ನೋಡಿ, ತನ್ನ ಕೈಯಿಂದಲೇ ಪುಸ್ತಕದಲ್ಲಿ ಬರೆದಿಡುವಂತಾದರೆ ಸಾಕು.